ಅಪ್ಪ, ಅಮ್ಮನನ್ನು ಕರೆದುಕೊಂಡು ಆಯಿಯಾ ನಾಪಾಕ್ಕೆ ಹೋಗಬಹುದೇ?

ತುಂಗಾತೀರ ಕೇಳಿದ್ದು:

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಜುಲೈ ಕೊನೆಗೆ ಮಗಳ ಶಾಲೆಗೆ ಬೇಸಿಗೆ ರಜೆ. ಆ ಹೊತ್ತಿಗೆ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಬಂದಿರುತ್ತಾರೆ. ನನ್ನವರು ಯಾರನ್ನೂ ಒಂದು ಮಾತು ಕೇಳದೆ ಸೈಪ್ರಸ್ಸಿನ ಆಯಿಯಾ ನಾಪಾಕ್ಕೆ ಐದೂ ಜನರ ವಿಮಾನ, ಹೋಟೆಲು ಎಲ್ಲ ಸೇರಿದ ಪ್ಯಾಕೇಜು ಕಾದಿರಿಸಿಬಿಟ್ಟಿದ್ದಾರೆ. ಅಗ್ಗಕ್ಕೆ ಸಿಕ್ಕಿತಂತೆ. ಆಮೇಲೆ ನಾನು ಕುಳಿತು ವಿಡಿಯೊಗಳನ್ನು ನೋಡಿದೆ. ಸೊಂಟದವರೆಗೆ ಸಾಬೂನಿನ ನೊರೆ, ಅದರೊಳಗೆ ಕುಣಿಯುವ ಹುಡುಗ ಹುಡುಗಿಯರು, ಹಾಡಹಗಲಲ್ಲೇ ಡಿಜೆ, ರಾತ್ರಿ ರಸ್ತೆಯ ತುಂಬ ಕೂಗಾಟ. ಇದನ್ನು ಅಮ್ಮನಿಗೆ ಇನ್ನೂ ತೋರಿಸಿಲ್ಲ.

ಅಪ್ಪ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ನಕ್ಷೆ ನೋಡದೆ ಸಂತೆಗೂ ಹೋಗುವವರಲ್ಲ. ಅಮ್ಮನಿಗೆ ಮೊಣಕಾಲು ನೋವು. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದುಬಿಡುತ್ತಾರೆ. ಮಗಳಿಗೆ ಎಂಟು ವರ್ಷ, ಅವಳಿಗೆ ನೀರಿದ್ದರೆ ಸಾಕು, ಎಲ್ಲಿಯದಾದರೂ ಸರಿ.

ನನ್ನ ಪ್ರಶ್ನೆಗಳು ಇಷ್ಟೆ. ಈ ಊರು ಹಿರಿಯರನ್ನು ಕರೆದುಕೊಂಡು ಹೋಗುವಂಥದ್ದೇ, ಅಥವಾ ದುಡ್ಡು ಹೋದರೆ ಹೋಗಲಿ ಎಂದು ರದ್ದು ಮಾಡುವುದೇ? ಊಟಕ್ಕೆ ಏನು ಸಿಗುತ್ತದೆ? ಅಪ್ಪ, ಅಮ್ಮನ ಬಳಿ ಇರುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾ, ಸೈಪ್ರಸ್ ಷೆಂಗೆನ್‌ನಲ್ಲಿ ಇಲ್ಲವೆಂದು ಯಾರೋ ಹೇಳಿದರು. ಇನ್ನೊಂದು, ಕೇಳಲು ಸಂಕೋಚ. ಅಮ್ಮ ಸೀರೆ ಬಿಟ್ಟು ಬೇರೆ ಉಡುವವರಲ್ಲ. ಆ ದಂಡೆಯ ಮೇಲೆ ಅವರು ಒಂಬತ್ತು ಗಜದ ಮುಜುಗರವನ್ನೇ ಉಟ್ಟು ಕುಳಿತಂತೆ ಆಗುವುದಿಲ್ಲವೇ?

ಥೇಮ್ಸ್ ದಂಡೆಯ ರಾಯರು:

ರದ್ದು ಮಾಡಿ. ಇಲ್ಲಿ ಇಂಗ್ಲೆಂಡಿನ ಹುಡುಗರು ಪರೀಕ್ಷೆ ಮುಗಿದ ಕೂಡಲೇ ಗುಂಪು ಕಟ್ಟಿಕೊಂಡು ಹೋಗುವ ಜಾಗ ಅದು. ನಾವು ಸಹೋದ್ಯೋಗಿಯ ಮದುವೆಯ ನೆಪದಲ್ಲಿ ಹೋಗಿದ್ದೆವು. ನಮ್ಮ ಹೋಟೆಲಿನ ಕೆಳಗೇ ಬಾರ್, ಬೆಳಗಿನ ಜಾವದವರೆಗೆ ಕಿಟಕಿಯ ಗಾಜು ಅದುರುತ್ತಿತ್ತು. ಬೀದಿಯಲ್ಲಿ ಹತ್ತು ಹೆಜ್ಜೆಗೊಬ್ಬ ಹುಡುಗ ಕೈ ಹಿಡಿದು ಬಾರಿನೊಳಗೆ ಎಳೆಯುತ್ತಾನೆ. ನನ್ನ ನರೆತ ಗಡ್ಡಕ್ಕೂ ವಿನಾಯಿತಿ ಸಿಗಲಿಲ್ಲ. ಹಿರಿಯರೊಂದಿಗೆ ದ್ವೀಪಕ್ಕೇ ಹೋಗಬೇಕೆಂದಿದ್ದರೆ ಅದೇ ಸೈಪ್ರಸ್ಸಿನ ಪಾಫೋಸ್‌ಗೆ ಹೋಗಿ. ರೋಮನ್ ಕಾಲದ ನೆಲಚಿತ್ತಾರಗಳಿವೆ, ನಿಮ್ಮ ತಂದೆಯವರು ಅಲ್ಲಿಂದ ಎದ್ದು ಬರುವುದಿಲ್ಲ.

ಮರವಂತೆಯವ:

ಮೇಡಂ, ರದ್ದು ಮಾಡಬೇಡಿ. ನಾನು ಆಯಿಯಾ ನಾಪಾದ ಹೋಟೆಲೊಂದರಲ್ಲಿ ರಾತ್ರಿ ಪಾಳಿಯ ರಿಸೆಪ್ಷನ್‌ನಲ್ಲಿ ಕೂರುವವನು. ಊರು ತೂರಾಡುವ ಹೊತ್ತಿನಲ್ಲೇ ನನ್ನ ಸಂಬಳ. ಹಾಗಾಗಿ ರಾಯರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ನಾನೇ ಸಾಕ್ಷಿ ಹೇಳುತ್ತೇನೆ. ಆದರೆ ಅವರು ಕಂಡದ್ದು ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗಿನ ಊರನ್ನು. ನಿಮ್ಮ ತಾಯಿಯವರು ಎದ್ದು ಹಲ್ಲುಜ್ಜುವ ಹೊತ್ತಿಗೆ ಆ ಊರು ಮಲಗಲು ಹೋಗಿರುತ್ತದೆ.

ಬೆಳಿಗ್ಗೆ ಐದೂವರೆಗೆ ನನ್ನ ಕೌಂಟರಿನ ಮುಂದೆ ನಡೆಯುವುದನ್ನು ಹೇಳುತ್ತೇನೆ, ಕೇಳಿ. ಒಬ್ಬಳು ಹುಡುಗಿ ಎರಡೂ ಚಪ್ಪಲಿಗಳನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದುಕೊಂಡು, ತನ್ನ ಕೋಣೆ ಯಾವುದೆಂದು ನನ್ನನ್ನೇ ಕೇಳುತ್ತಾಳೆ. ಅದೇ ಲಿಫ್ಟಿನಿಂದ ಎಪ್ಪತ್ತು ದಾಟಿದ ಪೋಲೆಂಡಿನ ದಂಪತಿಗಳು ಹೆಗಲ ಮೇಲೆ ಟವೆಲು ಹಾಕಿಕೊಂಡು ಇಳಿದು ಬರುತ್ತಾರೆ. ‘ಕಲಿಮೇರಾ’ ಎಂದು ನನಗೂ ಅವಳಿಗೂ ಶುಭೋದಯ ಹೇಳಿ ಸಮುದ್ರದ ಕಡೆ ಹೋಗುತ್ತಾರೆ. ಹುಡುಗಿಯೂ ‘ಕಲಿಮೇರಾ’ ಎನ್ನುತ್ತಾಳೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ನಿಮ್ಮ ಅಪ್ಪ, ಅಮ್ಮ ಆ ದಂಪತಿಗಳ ಪಾಳಿಗೆ ಸೇರಿದವರು.

ಗಲಾಟೆ ಎಂಬುದು ಇಡೀ ಊರಿಗೆ ಹರಡಿಕೊಂಡಿಲ್ಲ. ಅದಕ್ಕೆ ಎರಡೇ ನೆಲೆ. ಒಂದು, ಊರ ನಡುವಿನ ಚೌಕ ಮತ್ತು ಅದರಿಂದ ಕವಲೊಡೆಯುವ ನಾಲ್ಕಾರು ಬೀದಿಗಳು. ಇನ್ನೊಂದು, ಪಶ್ಚಿಮಕ್ಕೆ ಮೂರು ಕಿಲೋಮೀಟರಿನಷ್ಟು ದೂರದ ನಿಸ್ಸಿ ಬೀಚ್, ಅದೂ ಮಧ್ಯಾಹ್ನದ ಮೇಲೆ. ನೀವು ನೋಡಿದ ನೊರೆ ಅಲ್ಲಿಯದು. ಬಂದರಿನ ಪೂರ್ವಕ್ಕೆ ಗ್ರೀಷಿಯನ್ ಬೇ ಕಡೆ ಹೋದರೆ ಸಂಸಾರವಂದಿಗರೇ ಹೆಚ್ಚು. ನಿಮ್ಮ ಹೋಟೆಲು ಯಾವ ರಸ್ತೆಯಲ್ಲಿದೆ ಎಂಬುದರ ಮೇಲೆ ನಿಮ್ಮ ರಜೆ ನಿಂತಿದೆ, ಅದಕ್ಕೆ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂಬುದರ ಮೇಲಲ್ಲ. ಹೋಟೆಲಿನ ಹೆಸರು ಬೇಡ, ಇಲ್ಲಿ ರಸ್ತೆಯನ್ನು ಮಾತ್ರ ಹೇಳಿ, ಉಳಿದದ್ದನ್ನು ನಾನು ಹೇಳುತ್ತೇನೆ.

ನಿಸ್ಸಿಗೂ ಹೋಗಿ, ಬಿಡಬೇಡಿ. ಆದರೆ ಬೆಳಿಗ್ಗೆ ಏಳಕ್ಕೆ. ದಂಡೆಯೆದುರು ಒಂದು ಪುಟ್ಟ ನಡುಗಡ್ಡೆ ಇದೆ, ಅಲ್ಲಿಗೆ ತಿಳಿನೀರಿನಲ್ಲಿ ಮರಳದಿಣ್ಣೆಯ ಮೇಲೆ ನಡೆದೇ ಹೋಗುತ್ತಾರೆ. ಮಗಳಿಗೆ ಅದೇ ಹಬ್ಬ. ತಂದೆಯವರು ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಕೇಳಿಯೇ ಕೇಳುತ್ತಾರೆ. ನಾನು ಬಂದ ಹೊಸತರಲ್ಲಿ ದಡದಲ್ಲಿ ನಿಂತು ಅದನ್ನೇ ಹುಡುಕುತ್ತಿದ್ದೆ. ನಮ್ಮ ಮರವಂತೆಯಲ್ಲಿ ಮಳೆಗಾಲದ ಕಡಲು ರಸ್ತೆಯನ್ನೇ ಕೇಳುತ್ತದೆ. ಮೆಡಿಟರೇನಿಯನ್ ಸುತ್ತ ನೆಲವಿರುವ ಸಮುದ್ರ, ಅಟ್ಲಾಂಟಿಕ್‌ನ ಉಬ್ಬರ ಜಿಬ್ರಾಲ್ಟರಿನ ಕಿರಿದಾದ ಬಾಯಿಯಿಂದ ಒಳಬರುವುದೇ ಕಷ್ಟ. ಇಲ್ಲಿಯ ಏರಿಳಿತ ಗೇಣು ಎರಡು ಗೇಣು ಅಷ್ಟೆ. ಮೊಣಕಾಲು ನೋವಿನವರಿಗೆ ಇದು ವರ, ಅಲೆ ಬಂದು ಕೆಡವುವುದಿಲ್ಲ. ಹಾಗೆಂದು ಗಾಳಿ ಎದ್ದ ದಿನ ಕೆಂಪು ಬಾವುಟ ಹಾರಿಸಿದ್ದರೆ ನೀರಿಗಿಳಿಯಬೇಡಿ. ಜುಲೈ ಕೊನೆಯಲ್ಲಿ ನೀರು ಬೆಚ್ಚಗೆ, ಇಪ್ಪತ್ತೇಳು ಡಿಗ್ರಿಯ ಆಸುಪಾಸು. ದಡ ಮಾತ್ರ ಕಾದ ಕಾವಲಿ. ಹನ್ನೊಂದರಿಂದ ನಾಲ್ಕರವರೆಗೆ ಹಿರಿಯರನ್ನು ಹೊರಗೆ ಬಿಡಬೇಡಿ. ದಂಡೆಯಲ್ಲಿ ಛತ್ರಿಗೆ ಬೇರೆ, ಮಲಗುವ ಕುರ್ಚಿಗೆ ಬೇರೆ ಬಾಡಿಗೆ, ಹಣ ಪಡೆಯುವವನು ತಾನಾಗಿಯೇ ಹತ್ತಿರ ಬರುತ್ತಾನೆ.

ಈಗ ತಾಯಿಯವರಿಗೊಂದು ಮರ. ಗಲಾಟೆಯ ಚೌಕಕ್ಕೆ ಅಂಟಿಕೊಂಡೇ ಒಂದು ಹಳೆಯ ಮಠವಿದೆ, ವೆನಿಸ್ಸಿನವರು ಆಳುತ್ತಿದ್ದಾಗ 1500ರ ಸುಮಾರಿಗೆ ಕಟ್ಟಿದ್ದು. ಬೇಟೆಗಾರನೊಬ್ಬನ ನಾಯಿ ಗುಹೆಯೊಳಗೆ ಮೇರಿಯಮ್ಮನ ಪಟವನ್ನು ಪತ್ತೆ ಹಚ್ಚಿತೆಂಬ ಕಥೆ ಇದೆ, ಚರ್ಚಿನ ಒಂದು ಭಾಗ ಈಗಲೂ ಬಂಡೆಯೊಳಗೇ ಇದೆ. ಅಂಗಳದ ನಡುವೆ ಎಂಟು ಮೂಲೆಯ ಕಾರಂಜಿ, ಪಕ್ಕದಲ್ಲಿ ಕಲ್ಲಿನ ಕಾಡುಹಂದಿಯ ತಲೆಯೊಂದರ ಬಾಯಿಂದ ನೀರು ಬೀಳುತ್ತದೆ. ದಕ್ಷಿಣದ ಬಾಗಿಲಿನಿಂದ ಆಚೆ ಬಂದರೆ ಎದುರಿಗೇ ಆ ಮರ. ಆರುನೂರು ವರ್ಷ ಹಳೆಯದೆನ್ನುತ್ತಾರೆ. ಇಂಗ್ಲಿಷಿನವರು ಅದನ್ನು ಸಿಕಮೋರ್ ಎಂದುಕೊಂಡು ಫೋಟೊ ತೆಗೆದು ಹೋಗುತ್ತಾರೆ. ನಮ್ಮವರು ಹತ್ತಿರ ಹೋಗಿ ಕಾಂಡ ನೋಡಬೇಕು. ರೆಂಬೆಗೂ ಕಾಂಡಕ್ಕೂ ನೇರವಾಗಿ ಗೊಂಚಲು ಗೊಂಚಲಾಗಿ ಕಾಯಿ ಅಂಟಿರುತ್ತದೆ. ನಮ್ಮ ಅತ್ತಿಮರದ ಖಾಸಾ ದಾಯಾದಿ. ತೀರ್ಥಹಳ್ಳಿಯವರಿಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಹೊತ್ತು ಆ ಕಟ್ಟೆಯ ಮೇಲೆ ಊರಿನ ಮುದುಕರು ಬಿಟ್ಟರೆ ಯಾರೂ ಇರುವುದಿಲ್ಲ. ಐವತ್ತು ಹೆಜ್ಜೆ ಆಚೆ ಪುರಸಭೆಯವರು ರಾತ್ರಿಯ ಬಾಟಲಿಗಳನ್ನು ಗುಡಿಸುತ್ತಿರುತ್ತಾರೆ.

ತಂದೆಯವರಿಗೆ ಡೆರಿನಿಯಾ. ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು. ಅಲ್ಲಿ ಮನೆಗಳ ಮಾಳಿಗೆಯಿಂದ ದುರ್ಬೀನು ಹಿಡಿದು ನೋಡಿದರೆ ತಂತಿಬೇಲಿಯ ಆಚೆ ವರೋಶಾ ಕಾಣುತ್ತದೆ. ಫಮಗುಸ್ತಾದ ಕಡಲತೀರದ ಬಡಾವಣೆ ಅದು. 1974ಕ್ಕೆ ಮೊದಲು ಸೈಪ್ರಸ್ಸಿನ ಪ್ರವಾಸೋದ್ಯಮವೆಂದರೆ ಅದೇ. ಸಾಲು ಸಾಲು ಎತ್ತರದ ಹೋಟೆಲುಗಳು, ಹಾಲಿವುಡ್ಡಿನವರು ಬಂದು ಇಳಿಯುತ್ತಿದ್ದ ಜಾಗ. ಆ ವರ್ಷದ ಆಗಸ್ಟಿನಲ್ಲಿ ಟರ್ಕಿಯ ಸೇನೆ ಬಂದಾಗ ಜನ ಇದ್ದಂತೆಯೇ ಎದ್ದು ಓಡಿದರು, ಮರಳಿ ಹೋಗಲಾಗಲಿಲ್ಲ. ಸೇನೆ ಬೇಲಿ ಹಾಕಿತು. 2020ರಲ್ಲಿ ಒಂದಿಷ್ಟು ಬೀದಿಗಳನ್ನು ನೋಡುಗರಿಗೆ ತೆರೆದಿದ್ದಾರೆ, ಉಳಿದದ್ದು ಹಾಗೆಯೇ ಪಾಳು. ಆಯಿಯಾ ನಾಪಾ ಆಗ ಮೀನುಗಾರರ ಹಳ್ಳಿ. ಫಮಗುಸ್ತಾ ಕೈತಪ್ಪಿದ ಮೇಲೆ ಹೋಟೆಲಿನವರು ಬೇಲಿಯ ಈಚೆ ಉಳಿದ ಮರಳಿನ ಮೇಲೆ ಮತ್ತೆ ಶುರು ಮಾಡಬೇಕಾಯಿತು. ನೊರೆಯಲ್ಲಿ ಕುಣಿಯುವವರಿಗೆ ಇದು ಗೊತ್ತಿಲ್ಲದಿರಬಹುದು, ಆದರೆ ಈ ಊರು ಊರಾದದ್ದು ಹೀಗೆ. ಇತಿಹಾಸದ ಮೇಷ್ಟರಿಗೆ ಪಾಫೋಸಿನ ನೆಲಚಿತ್ತಾರಕ್ಕಿಂತ ಇದು ಕಡಿಮೆಯೇನಲ್ಲ ಎಂದು ನನ್ನ ಲೆಕ್ಕ. ಬಾಡಿಗೆ ಕಾರಿನಲ್ಲಿ ಗಡಿ ದಾಟಿ ಟರ್ಕಿಯ ಸೇನೆಯಿರುವ ಕಡೆಗೆ ಹೋಗುವ ಯೋಚನೆ ಮಾತ್ರ ಬೇಡ, ಈಚೆಯ ವಿಮೆ ಆಚೆ ನಡೆಯುವುದಿಲ್ಲ.

ಸೀರೆಯ ವಿಷಯ. ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಊರಿನ ಅಜ್ಜಿಯರು ಕಪ್ಪು ಬಟ್ಟೆ ತೊಟ್ಟು ಅದೇ ದಂಡೆಯಲ್ಲಿ ಮೊಮ್ಮಕ್ಕಳನ್ನು ಕಾಯುತ್ತಿರುತ್ತಾರೆ. ಮಠದೊಳಗೆ ಭುಜ ಮುಚ್ಚಿರಬೇಕೆಂಬ ನಿಯಮದಲ್ಲಿ ಒದ್ದಾಡುವವರು ಉಳಿದವರು, ನಿಮ್ಮ ತಾಯಿಯವರಲ್ಲ. ಒಂದೇ ಮಾತು, ನೀರಿಗೆ ಇಳಿಯುವ ದಿನ ಹತ್ತಿಯದು ಬೇಡ, ನೆನೆದರೆ ಭಾರ. ಬೇಗ ಒಣಗುವಂಥದ್ದನ್ನು ಉಡಲಿ.

ಬಾಲ್ಕನಿಯ ದಾಸವಾಳ:

ನಾವು ಸೈಪ್ರಸ್ಸಿನ ರಾಜಧಾನಿ ನಿಕೋಸಿಯಾದಲ್ಲಿದ್ದೇವೆ. ಬೇಸಿಗೆಯಲ್ಲಿ ನಮ್ಮ ಊರು ಕುಲುಮೆ, ಹಾಗಾಗಿ ವಾರ ಕೊನೆಗೆ ಎಲ್ಲರೂ ಆ ಕಡೆಯೇ ಓಡುವುದು. ಅತ್ತೆಯವರು ಬಂದಾಗಲೂ ಕರೆದುಕೊಂಡು ಹೋಗಿದ್ದೇನೆ. ಅವರದ್ದೂ ಮೊಟ್ಟೆ ಮುಟ್ಟದ ಜೀವ. ಊಟದ ಉಪದೇಶ ನನ್ನಿಂದ ಕೇಳಿ, ಮರವಂತೆಯವರು ಮೀನು ತಿನ್ನುವವರು.

‘ವೆಜಿಟೇರಿಯನ್’ ಎಂದರೆ ಹಾಲೂಮಿ ಎಂಬ ಇಲ್ಲಿಯ ಚೀಸ್ ಮತ್ತು ಚಿಪ್ಸ್ ತಂದಿಟ್ಟು ನಗುತ್ತಾರೆ. ಅದರ ಬದಲು ‘ನಿಸ್ತೀಸಿಮಾ’ ಇದೆಯೇ ಎಂದು ಕೇಳಿ. ಇಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ ವ್ರತದ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಎಚ್ಚರ, ಅವರ ವ್ರತಕ್ಕೆ ಬೊಂಡಾಸ್, ಸಿಗಡಿ, ಅಷ್ಟಪದಿ ನಡೆಯುತ್ತದೆ! ರಕ್ತವಿಲ್ಲದ ಪ್ರಾಣಿಗಳೆಂಬ ಲೆಕ್ಕ. ಅತ್ತೆಯವರ ತಟ್ಟೆಯ ಹತ್ತಿರ ಒಮ್ಮೆ ಅಷ್ಟಪದಿಯ ಕಾಲೊಂದು ಬಂದು ಹೋಯಿತು. ಅವರು ‘ಬೇರು ಗೀರು ಇರಬೇಕು’ ಎಂದುಕೊಂಡರು, ನಾನು ತಿದ್ದಲು ಹೋಗಲಿಲ್ಲ, ತಟ್ಟೆ ಮಾತ್ರ ದೂರ ಸರಿಸಿದೆ. ಆದ್ದರಿಂದ ಸಮುದ್ರದ್ದೂ ಬೇಡ ಎಂದು ಬಿಡಿಸಿ ಹೇಳಿ.

ಕೇಳಿ ತರಿಸಿಕೊಳ್ಳಬೇಕಾದದ್ದು ಲೂವಿ. ಅಲಸಂದೆ ಕಾಳು, ಸೊಪ್ಪು ಅಥವಾ ಸೋರೆಯ ಜಾತಿಯ ಎಳೆಕಾಯಿ ಹಾಕಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ನಿಂಬೆ ಹಿಂಡುತ್ತಾರೆ. ಒಗ್ಗರಣೆ ಒಂದನ್ನು ಬಿಟ್ಟರೆ ನಮ್ಮ ಮನೆಯದೇ. ಪುರ್ಗೂರಿ ಎಂದರೆ ಗೋಧಿ ನುಚ್ಚು ಮತ್ತು ಟೊಮ್ಯಾಟೊ, ಉಪ್ಪಿಟ್ಟಿಗೆ ಹತ್ತಿರ. ಜೊತೆಗೆ ಮೊಸರು ಕೇಳಿ. ಹಾಲೂಮಿಯನ್ನು ಇಲ್ಲಿಯವರು ಬೇಸಿಗೆಯಲ್ಲಿ ಕಲ್ಲಂಗಡಿ ಹಣ್ಣಿನೊಂದಿಗೆ ತಿನ್ನುತ್ತಾರೆ, ಮಗಳಿಗೆ ಹಿಡಿಸುತ್ತದೆ. ಚೀಸ್ ಹೆಪ್ಪುಗಟ್ಟಿಸಲು ಪ್ರಾಣಿಯ ಹೊಟ್ಟೆಯ ಕಿಣ್ವ ಹಾಕುವುದುಂಟು, ಅಪ್ಪ, ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಬೇಡ. ಇನ್ನು ಕೊಲೊಕಾಸಿ ಎಂಬ ಹೆಸರು ಕಂಡರೆ ನಮ್ಮ ಕೆಸುವಿನ ಗೆಡ್ಡೆಯೇ. ಪಕ್ಕದ ಸೊತೀರಾ ಹಳ್ಳಿಯ ಕೆಂಪು ಮಣ್ಣಿನದು ಹೆಸರುವಾಸಿ. ಆದರೆ ಹೋಟೆಲಿನಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದ ಜೊತೆಗೇ ಬೇಯಿಸಿರುತ್ತಾರೆ. ಹೆಸರು ನೋಡಿ ಹಿಗ್ಗಿ ಹೇಳಿಬಿಡಬೇಡಿ. ಅಡುಗೆಮನೆ ಇರುವ ಕೋಣೆ ಸಿಕ್ಕಿದ್ದರೆ ಒಂದು ಸಣ್ಣ ಕುಕ್ಕರ್, ತಿಳಿಸಾರಿನ ಪುಡಿ ಇಟ್ಟುಕೊಳ್ಳಿ. ಪ್ಲಗ್ ಮಾತ್ರ ಜರ್ಮನಿಯದು ಕೂರುವುದಿಲ್ಲ, ಇಂಗ್ಲೆಂಡಿನ ಮೂರು ಚೌಕ ಕಡ್ಡಿಯದು ಬೇಕು. ವಾಹನಗಳೂ ಬ್ರಿಟಿಷರ ಪಾಠದಂತೆ ಎಡಕ್ಕೇ ಓಡುತ್ತವೆ. ಬಾಡಿಗೆ ಕಾರುಗಳಿಗೆ ಕೆಂಪು ನಂಬರ್ ಪ್ಲೇಟ್ ಇರುವುದರಿಂದ ಊರಿನವರು ದೂರದಿಂದಲೇ ಗುರುತಿಸಿ ಜಾಗ ಬಿಡುತ್ತಾರೆ.

ವೀಸಾ: ಅಪ್ಪ, ಅಮ್ಮನ ಷೆಂಗೆನ್ ವೀಸಾದಲ್ಲಿ ಎರಡು ಅಥವಾ ಹೆಚ್ಚು ಪ್ರವೇಶಗಳಿದ್ದು, ಅದರಲ್ಲಿ ಒಮ್ಮೆ ಜರ್ಮನಿಗೆ ಬಂದಿಳಿದಿದ್ದರೆ ಸೈಪ್ರಸ್ ಅದನ್ನು ಒಪ್ಪುತ್ತದೆ. ಒಂದೇ ಪ್ರವೇಶದ್ದಾದರೆ ಇಲ್ಲಿಂದ ಜರ್ಮನಿಗೆ ಮರಳುವುದೇ ಆಗದು. ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆಯ ಜಾಗವನ್ನು ಈಗಲೇ ತೆಗೆದು ನೋಡಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಸೈಪ್ರಸ್ ರಾಯಭಾರ ಕಚೇರಿಯ ಜಾಲತಾಣವನ್ನೂ ಒಮ್ಮೆ ನೋಡಿಬಿಡಿ.

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ವೀಸಾ ನೋಡಿದೆ, ಬಹು ಪ್ರವೇಶದ್ದು, ಬದುಕಿದೆ. ಅಪ್ಪನಿಗೆ ವರೋಶಾದ ಬಗ್ಗೆ ಓದಿ ಹೇಳಿದೆ. ಅಷ್ಟೇ ಸಾಕಾಯಿತು, ಈಗ ಅವರು ಸೈಪ್ರಸ್ಸಿನ ನಕ್ಷೆಯನ್ನು ಮುದ್ರಿಸಿ ಇಡಲು ಹೇಳಿ ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದಾರೆ. ಹೋಟೆಲು ಗ್ರೀಷಿಯನ್ ಬೇ ದಂಡೆಗೆ ಹೋಗುವ ದಾರಿಯಲ್ಲಿದೆ, ದಂಡೆಗೆ ಐದು ನಿಮಿಷ ನಡಿಗೆ ಎಂದು ಬರೆದಿದ್ದಾರೆ. ಕಾರು ಬಾಡಿಗೆಗೆ ಹಿಡಿಯಲೇಬೇಕೇ? ನನ್ನವರು ಸಮುದ್ರದ ಗುಹೆಗಳಿಗೆ ನಾಲ್ಕು ಚಕ್ರದ ಬೈಕಿನಲ್ಲಿ ಹೋಗೋಣ ಎನ್ನುತ್ತಿದ್ದಾರೆ.

ಥೇಮ್ಸ್ ದಂಡೆಯ ರಾಯರು:

ಆ ಬೈಕು ಬೇಡ. ಇದೊಂದು ವಿಷಯದಲ್ಲಾದರೂ ನನ್ನ ಮಾತು ಕೇಳಿ.

ಮರವಂತೆಯವ:

ರಾಯರ ಮಾತಿಗೆ ನನ್ನ ಸಹಿಯೂ ಇದೆ. ಮೊಣಕೈ, ಮೊಣಕಾಲು ತರಚಿಕೊಂಡು ರಾತ್ರಿ ನನ್ನ ಬಳಿ ಹತ್ತಿ ಕೇಳಲು ಬರುವವರಲ್ಲಿ ಆ ಬೈಕಿನವರೇ ಹೆಚ್ಚು, ಕುಡಿದವರು ಆಮೇಲೆ. ನಿಮ್ಮವರಿಗೆ ಇದನ್ನು ಹೋಟೆಲಿನವನೇ ಹೇಳಿದನೆಂದು ಹೇಳಿ, ನಿಮ್ಮ ಮಾತಿಗಿಂತ ತೂಕ ಬರಬಹುದು.

ಕಾರು ಎರಡು ದಿನಕ್ಕೆ ಸಾಕು, ಡೆರಿನಿಯಾಕ್ಕೊಂದು, ವಿಮಾನ ನಿಲ್ದಾಣವಿರುವ ಲಾರ್ನಕಾಕ್ಕೊಂದು. ಉಳಿದ ದಿನಗಳಿಗೆ ಬಸ್ಸಿದೆ. 101 ಮತ್ತು 102 ಆಯಿಯಾ ನಾಪಾದಿಂದ ಕೇಪ್ ಗ್ರೆಕೊ ಭೂಶಿರದ ಮಾರ್ಗವಾಗಿ ಪ್ರೋಟಾರಸ್, ಪರಲಿಮ್ನಿಗೆ ಹೋಗಿಬರುತ್ತವೆ. ಮಗಳ ನೀರಾಟದ ವಾಟರ್‌ವರ್ಲ್ಡ್ ಉದ್ಯಾನಕ್ಕೂ ಅದೇ ಬಸ್ಸು. ಅಲ್ಲಿ ಜಾರುಬಂಡೆಗಳಿಗೆಲ್ಲ ಗ್ರೀಕ್ ಪುರಾಣದ ಹೆಸರು, ತಂದೆಯವರು ಕೆಳಗೆ ಕುಳಿತೇ ಮೊಮ್ಮಗಳಿಗೆ ಪಾಠ ಮಾಡಬಹುದು. ಲಾರ್ನಕಾ ಕಡೆಗೆ 711. ವಿಮಾನ ನಿಲ್ದಾಣದಿಂದ ಬರುವಾಗ ಮಾತ್ರ ಐದು ಜನ, ಸಾಮಾನು, ನೋಯುವ ಕಾಲು ಎಲ್ಲ ಸೇರಿ ಟ್ಯಾಕ್ಸಿಯೇ ಲೇಸು, ಮುಕ್ಕಾಲು ಗಂಟೆಯ ದಾರಿ. ನಡುವೆ ಡೆಕೇಲಿಯಾ ಸಿಗುತ್ತದೆ. 1960ರಲ್ಲಿ ಸ್ವಾತಂತ್ರ್ಯ ಕೊಟ್ಟಾಗ ಬ್ರಿಟಿಷರು ತಮಗೆಂದು ಉಳಿಸಿಕೊಂಡ ಸೇನಾನೆಲೆಯ ಜಾಗ, ಈಗಲೂ ಅವರದೇ. ಮೇಷ್ಟರಿಗೆ ಕಿಟಕಿಯ ಪಕ್ಕದ ಸೀಟು ಕೊಡಿ.

ಗುಹೆಗಳನ್ನು ದೋಣಿಯಿಂದ ನೋಡಿ. ಬಂದರಿನಿಂದ ಬೆಳಿಗ್ಗೆ ಹೊರಡುವ ಪ್ರವಾಸಿ ದೋಣಿಗಳಲ್ಲಿ ಕೆಲವು ಕುಣಿತದ ದೋಣಿಗಳು, ಕೆಲವು ಸಂಸಾರದವು. ಟಿಕೆಟು ಕೊಳ್ಳುವ ಮುನ್ನ ದೋಣಿಯ ಮೇಲಿನ ಧ್ವನಿವರ್ಧಕಗಳ ಗಾತ್ರ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಕೇಪ್ ಗ್ರೆಕೊದ ಬಂಡೆಯಂಚಿನಿಂದ ಹುಡುಗರು ನೀರಿಗೆ ಹಾರುವುದನ್ನು ಕಂಡು ನಿಮ್ಮವರಿಗೂ ಹುಮ್ಮಸ್ಸು ಬಂದರೆ ತಡೆಯಿರಿ, ಕೆಳಗೂ ಬಂಡೆಗಳಿವೆ. ಕೊನ್ನೋಸ್ ಕೊಲ್ಲಿ ಬಹಳ ಚೆಂದ, ಆದರೆ ಇಳಿಜಾರು ಹಾದಿ. ಅಮ್ಮನವರಿಗೆ ಮೇಲಿನಿಂದಲೇ ತೋರಿಸಿ.

ಹೋಟೆಲು ಆ ರಸ್ತೆಯಲ್ಲಾದರೆ ನೀವು ಗೆದ್ದಿರಿ. ಇನ್ನು ಒಂದೇ ಕೆಲಸ, ಬರುವ ಮೂರು ನಾಲ್ಕು ದಿನ ಮೊದಲು ಹೋಟೆಲಿಗೆ ನೇರವಾಗಿ ಇ-ಮೇಲ್ ಬರೆಯಿರಿ. ಪ್ಯಾಕೇಜು ಮಾರಿದವರಿಗೆ ಬರೆದರೆ ಅದು ನಮ್ಮವರೆಗೆ ಬರುವುದಿಲ್ಲ. ಎರಡು ಕೋಣೆಗಳು ಅಕ್ಕಪಕ್ಕ ಬೇಕು, ಲಿಫ್ಟಿನ ಹತ್ತಿರ ಬೇಕು, ಈಜುಕೊಳದ ಕಡೆಗಾಗಲಿ ರಸ್ತೆಯ ಕಡೆಗಾಗಲಿ ಬೇಡ, ತಾಯಿಗೆ ಮೊಣಕಾಲು ನೋವು, ಇಷ್ಟನ್ನು ಬರೆಯಿರಿ. ‘ಸಮುದ್ರ ಕಾಣುವ ಕೋಣೆ’ ಎಂದು ಸೇರಿಸಲು ಹೋಗಬೇಡಿ, ಸೇರಿಸಿದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ನಾಳೆ ಬರುವವರಿಗೆ ಯಾವ ಕೋಣೆ ಎಂದು ಹಿಂದಿನ ರಾತ್ರಿ ಎರಡು ಗಂಟೆಗೆ ಪಟ್ಟಿ ಮಾಡುವವನು ನನ್ನಂಥವನೊಬ್ಬ. ಆ ಹೊತ್ತಿಗೆ ಅವನ ಮುಂದೆ ಇರುವುದು ನಿಮ್ಮ ಇ-ಮೇಲ್ ಒಂದೇ.